ಮೂವತ್ತು ದಿನದ ಮುದುಕಿ

ಮಾರ್ಚ್ 3, ಸೋಮವಾರ

ಬಾಯಿ ಮುಚ್ಚಿಕೊಂಡು ಇವತ್ತಿಗೆ ಮೂರು ದಿನ. ಇನ್ನೂ ಇಪ್ಪತ್ತೈದು ಬಾಕಿ.

ಗಂಟಲಿನ ಡಾಕ್ಟರಮ್ಮ ನನ್ನ ಧ್ವನಿತಂತುವಿನ ಮೇಲಿದ್ದ ಗಂಟೊಂದನ್ನು ಕಿತ್ತು, ಸೀಸೆಯಲ್ಲಿ ತೋರಿಸಿ, "ನಾಲ್ಕು ವಾರ ಒಂದಕ್ಷರ ಮಾತಾಡಬಾರದು. ಪಿಸುಗುಟ್ಟೋದೂ ಕೂಡದು, ಗುನುಗೋದೂ ಕೂಡದು" ಎಂದರು. ಗಂಟಲು ಅನ್ನುವ ಹೆಸರಲ್ಲೇ ಗಂಟಿದೆ. ಇಷ್ಟು ವರ್ಷ ನಾನೇ ಗಮನಿಸಿರಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಮಾತು ಮಾರಿ ಬದುಕಿದವನು ನಾನು. ಬೇರೆ ಭಾಷೆಯ ಸಿನಿಮಾಗಳಿಗೆ ಡಬ್ಬಿಂಗ್ ಮಾಡುವ ಕೆಲಸ. ಹದಿನಾರು ಖಳನಾಯಕರು, ಲೆಕ್ಕವಿಲ್ಲದಷ್ಟು ಸಿಡುಕು ಅಪ್ಪಂದಿರು, ಎರಡು ಡ್ರ್ಯಾಗನ್ನು, ಒಂದು ಮಾತಾಡುವ ಲಾರಿ. ಪರದೆಯ ಮೇಲೆ ಬಾಯಿ ಅವರದು, ಧ್ವನಿ ನನ್ನದು. ಕಾಲೇಜಿನಲ್ಲಿ ಮೇಷ್ಟ್ರು, ಹೇಳದೆ ಹೊಳೆಯುವುದಕ್ಕೆ ಧ್ವನಿ ಎನ್ನುತ್ತಾರೆ ಎಂದು ಒಂದು ವರ್ಷ ಪಾಠ ಮಾಡಿದ್ದರು. ಆ ಲೆಕ್ಕದಲ್ಲಿ ನಾನೀಗ ಶ್ರೇಷ್ಠ ಕಾವ್ಯ. ಓದುವವರಿಲ್ಲ, ಅಷ್ಟೇ.

ಹಾಲಿನಿಂದ ಅಡುಗೆಮನೆಗೆ ಹನ್ನೊಂದು ಹೆಜ್ಜೆ. ಅಲ್ಲಿಂದ ಕಿಟಕಿಗೆ ಏಳು. ಬೆಳಗಿನಿಂದ ಅದನ್ನೇ ಅಳೆಯುತ್ತಿದ್ದೆ. ಅಕ್ಕ ಬಂದು ಬಾಗಿಲಲ್ಲೇ ನಿಂತಳು.

"ಏನೋ ಇದು, ಬೋನಿನ ಹುಲಿ ಥರ ತಿರುಗ್ತಿದ್ದೀಯ! ನಿಂಗೆ ಜೊತೆಗೆ ಯಾರಾದ್ರೂ ಬೇಕು ಕಣೋ. ಮದುವೆಯಂತೂ ಆಗ್ಲಿಲ್ಲ. ಒಂದು ನಾಯಿನಾದ್ರೂ ತಗೋ."

ಸ್ಲೇಟಿನ ಮೇಲೆ ಬರೆದೆ: ಎರಡೂ ಒಂದೇನಾ?

"ಒಂದೇ ಹೇಗಾಗುತ್ತೆ? ನಾಯಿಗೆ ತಾಳ್ಮೆ ಜಾಸ್ತಿ."

ಬೀದಿನಾಯಿಗಳ ಆಶ್ರಯವೊಂದಿದೆಯಂತೆ. ತಿಂಗಳ ಮಟ್ಟಿಗೆ ಕೊಡುತ್ತಾರಂತೆ, ಹೊಂದದಿದ್ದರೆ ವಾಪಸು ಮಾಡಬಹುದಂತೆ. ಬೇಡ ಎನ್ನಲು ನನಗೆ ಒಂಬತ್ತು ಕಾರಣಗಳಿದ್ದವು. ಎರಡನೆಯದನ್ನು ಬರೆಯುವಷ್ಟರಲ್ಲಿ ಅವಳು ಫೋನಿನಲ್ಲಿ ಹೆಸರು ಕೊಟ್ಟಾಗಿತ್ತು. ಅಕ್ಕನ ನಾಲಿಗೆಗೆ ನನ್ನ ಬಳಪ ಯಾವ ಮೂಲೆಗೆ!

ಮಾರ್ಚ್ 5, ಬುಧವಾರ

ನಾಯಿ ಬಂತು. ಬಂದದ್ದಲ್ಲ, ತಂದದ್ದು.

ಆಶ್ರಯದ ಮೇಡಂ ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿಕೊಂಡು ಪೈಪಿನಲ್ಲಿ ನೆಲ ತೊಳೆಯುತ್ತಿದ್ದರು. "ಮರಿ ಬೇಕಾ, ದೊಡ್ಡದಾ?" ಎಂದರು. ನನ್ನ ಪರವಾಗಿ ಅಕ್ಕ ಉತ್ತರಿಸಿದಳು: "ಇವನಿಗೇ ಐವತ್ತು ಮೇಡಂ. ಮರಿ ಹಿಂದೆ ಓಡಿದ್ರೆ ಇವನನ್ನ ಹಿಡ್ಕೊಂಡು ಬರೋಕೆ ಇನ್ನೊಬ್ಬರು ಬೇಕು."

ನಲವತ್ತು ನಾಯಿಗಳು ಸರಳಿಗೆ ಮೂತಿ ತೂರಿಸಿ ಒಂದೇ ಸಮನೆ ಬೊಗಳುತ್ತಿದ್ದವು. ಹಿಂದಿನ ಸಾಲಿನಲ್ಲಿ ಒಂದು ಮಾತ್ರ ಗೋಡೆಗೆ ಮುಖ ಮಾಡಿ ಮಲಗಿತ್ತು. ಕಂದು ಮೈ, ನರೆತ ಮೂತಿ. ನಾವು ಹೋದರೂ ತಿರುಗಲಿಲ್ಲ.

"ಅವಳು ಹಂಗೇ. ಹತ್ತು ವರ್ಷದವಳು. ಎರಡು ಮನೆಯವರು ಕರ್ಕೊಂಡು ಹೋಗಿ ವಾಪಸು ತಂದುಬಿಟ್ರು. ಮಹಾ ಮೊಂಡು."

ಬೋನಿಗೆ ಕಟ್ಟಿದ ಕಾರ್ಡಿನಲ್ಲಿ ಎರಡು ಮನೆಯವರ ಷರಾ ಇತ್ತು. ಒಂದು: ಎಷ್ಟು ಕರೆದರೂ ಬರುವುದಿಲ್ಲ. ಎರಡು: ಹಠಮಾರಿ, ಮುಟ್ಟಲು ಹೋದರೆ ಹಲ್ಲು ತೋರಿಸುತ್ತದೆ. ನನಗೆ ಅದೆಲ್ಲ ಬೇಕಿರಲಿಲ್ಲ. ಆ ಇಡೀ ಕಟ್ಟಡದಲ್ಲಿ ಬಾಯಿ ಮುಚ್ಚಿಕೊಂಡಿದ್ದವರು ನಾವಿಬ್ಬರೇ. ಇವಳೇ ಇರಲಿ ಎಂದು ಬೆರಳು ತೋರಿಸಿದೆ.

ಮೇಡಂ ಕಾಗದ ಕೊಡುತ್ತ ಹೇಳಿದರು: "ಏಪ್ರಿಲ್ ನಾಲ್ಕಕ್ಕೆ ಬಂದು ಕೊನೇ ಕಾಗದಕ್ಕೆ ಸಹಿ ಹಾಕಿ. ಇಲ್ಲಾಂದ್ರೆ ಬಿಟ್ಟು ಹೋಗಿ. ಆದ್ರೆ ಒಂದು ತಿಳ್ಕೊಳ್ಳಿ, ಮೂರು ಸಲ ವಾಪಸು ಬಂದ ನಾಯೀನ ನಾವು ಮತ್ತೆ ಯಾರಿಗೂ ಕೊಡಲ್ಲ. ಆಮೇಲೆ ಈ ಹಿಂದಿನ ಸಾಲೇ ಅವಳ ಮನೆ, ಕೊನೇವರೆಗೂ."

ಹೊರಗೆ ಬಂದಮೇಲೆ ಅಕ್ಕ ಮೆಲ್ಲಗೆ, "ಹೆದರಿಸ್ತಾರೆ, ತಲೆ ಕೆಡಿಸ್ಕೋಬೇಡ" ಎಂದಳು. ನಮ್ಮ ನರೆತ ಮೂತಿಯ ಮುದುಕಿ ಮಾತ್ರ ಗಾಡಿಯಲ್ಲಿ ನಮ್ಮಿಬ್ಬರ ನಡುವೆ ಕೂತು ಮುಂದಿನ ಗಾಜನ್ನೇ ನೋಡುತ್ತಿದ್ದಳು.

ಮಾರ್ಚ್ 6, ಗುರುವಾರ

ರಾತ್ರಿಯಿಂದ ಊಟದ ಮೇಜಿನ ಕೆಳಗೆ ಇದ್ದಾಳೆ. ಹಿಂದಿನಿಂದ ಹೋಗಿ ಬೆನ್ನು ಸವರಿದೆ. ಸಿಡಿದೆದ್ದು ಅಂಗಿಯ ತೋಳು ಹಿಡಿದಳು. ಚರ್ಮಕ್ಕೆ ತಾಗಲಿಲ್ಲ, ಮಾನಕ್ಕೆ ತಾಗಿತು. "ಅಯ್ಯೋ" ಅನ್ನುವುದಕ್ಕೂ ನನಗೆ ಅನುಮತಿ ಇಲ್ಲ.

ಸಂಜೆ ಎದ್ದು ತಿರುಗಾಡತೊಡಗಿದಳು. ಹಾಲ್, ಅಡುಗೆಮನೆ, ಕಿಟಕಿ. ನಾನೂ ಅದೇ ದಾರಿ. ಮನೆಯೊಳಗಿನ ಇಕ್ಕಟ್ಟಾದ ಓಣಿಯಲ್ಲಿ ಎದುರುಬದುರಾದಾಗ ಸರ್ಕಾರಿ ಕಚೇರಿಯ ಇಬ್ಬರು ಗುಮಾಸ್ತರ ಹಾಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟುಕೊಂಡೆವು.

ಮಾರ್ಚ್ 7, ಶುಕ್ರವಾರ

ಅವಳು ತಿನ್ನಲಿಲ್ಲ. ನಾನು ತಿಂದೆ, ಅದೂ ಅವಳ ಎದುರಿಗೇ. ನಾಚಿಕೆಯಾಯಿತು.

ಮಾರ್ಚ್ 10, ಸೋಮವಾರ

ಇವತ್ತು ಒಂದು ಸಂಶೋಧನೆ. ನಮ್ಮ ಹಳೇ ಮರದ ನೆಲದ ಮೇಲೆ ಕಾಲು ಅಪ್ಪಳಿಸಿದರೆ ತಲೆ ಎತ್ತುತ್ತಾಳೆ! ಎತ್ತಿದ ತಕ್ಷಣ ಎದೆ ತಟ್ಟಿಕೊಂಡು ಬೇಯಿಸಿದ ಮೊಟ್ಟೆ ತೋರಿಸಿದೆ. ಬಂದಳು. ಇನ್ನೊಂದು ಸಲ. ಬಂದಳು. ಮೂರನೇ ಸಲಕ್ಕೆ ಮೊಟ್ಟೆ ಮುಗಿದಿತ್ತು, ಆದರೂ ಬಂದಳು.

ಸಂಜೆಯ ಹೊತ್ತಿಗೆ ಮೂರು ಸನ್ನೆ ಕಲಿತಿದ್ದಳು. ಎದೆ ತಟ್ಟಿದರೆ ಬಾ. ಅಂಗೈ ಕೆಳಗೆ ಮಾಡಿದರೆ ಕೂತುಕೋ. ಬೆರಳು ಬಾಯಿಗೆ ತಂದರೆ ಊಟ. ಮೊಂಡು ಎಂದವರು ಯಾರು? ನಾನು ಕಾಲೇಜಿನಲ್ಲಿ ಒಂದು ಪದ್ಯ ಬಾಯಿಪಾಠ ಮಾಡಲು ಇದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಿದ್ದೆ. ಆ ಎರಡು ಮನೆಯವರಿಗೆ ಅಭಿನಯ ಬರುತ್ತಿರಲಿಲ್ಲ, ಅಷ್ಟೇ. ಇಪ್ಪತ್ತೆರಡು ವರ್ಷ ಕತ್ತಲೆ ಕೋಣೆಯಲ್ಲಿ ಬರೀ ಧ್ವನಿ ಕೊಟ್ಟವನೊಳಗೆ ಒಬ್ಬ ನಟ ಕೂತಿದ್ದಾನೆಂದು ಯಾರಿಗೂ ಗೊತ್ತಾಗಿರಲಿಲ್ಲ. ಒಂದು ನಾಯಿ ಕಂಡುಹಿಡಿಯಿತು.

ಮಾರ್ಚ್ 14, ಶುಕ್ರವಾರ

ಅಕ್ಕ ಬಂದಿದ್ದಳು. ಒಳಗೆ ಕಾಲಿಟ್ಟವಳೇ ಜೇನು ಸುರಿಸಿ ಕರೆದಳು: "ಬಾರೇ ಮುದುಕಿ, ಬಾರೇ ನನ್ನ ಬಂಗಾರ, ಬಿಸ್ಕತ್ತು ತಂದಿದ್ದೀನಿ ಬಾರೇ!" ಮುದುಕಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ತಿರುಗಿಯೂ ನೋಡಲಿಲ್ಲ.

"ಅಬ್ಬಾ, ಏನು ಕೊಬ್ಬು! ಈ ಮನೇಲಿ ನನಗೆ ಮರ್ಯಾದೆ ಕೊಡೋರು ಯಾರೂ ಇಲ್ಲ."

ನಾನು ಕಾಲು ಅಪ್ಪಳಿಸಿ ಎದೆ ತಟ್ಟಿದೆ. ಎದ್ದು ನೇರ ನನ್ನ ಹತ್ತಿರ ಬಂದಳು. ಅಕ್ಕನ ಮುಖ ನೋಡಬೇಕಿತ್ತು!

"ಸರಿಯಾದ ಜೋಡಿ ಕಣೋ. ಒಂದು ಮಾತಾಡಲ್ಲ, ಇನ್ನೊಂದು ಮಾತಾಡ್ಸಿದ್ರೆ ತಿರುಗಲ್ಲ. ನಾನೊಬ್ಬಳೇ ಗೋಡೆಗೆ ಹೇಳ್ಕೋಬೇಕು."

ಹುಟ್ಟಿದಾಗಿನಿಂದ ಅಕ್ಕನ ಜೊತೆ ಮಾತಿನಲ್ಲಿ ಒಂದು ಸಲವೂ ಗೆದ್ದವನಲ್ಲ ನಾನು. ಮಾತು ಬಿಟ್ಟಮೇಲೆ ಮೊದಲ ಗೆಲುವು.

ಮಾರ್ಚ್ 19, ಬುಧವಾರ

ಕೆಟ್ಟ ದಿನ. ಸ್ಟುಡಿಯೋದಿಂದ ಸಂದೇಶ ಬಂತು. ಹೊಸ ಧಾರಾವಾಹಿಯ ಸಿಡುಕು ಅಪ್ಪನನ್ನು ಇನ್ನೊಬ್ಬನಿಗೆ ಕೊಟ್ಟಿದ್ದಾರೆ. "ನಿಮ್ಮ ಗಂಟಲು ಸರಿಹೋಗೋವರೆಗೆ ಮಾತ್ರ ಸಾರ್." ಅವನದ್ದು ಅಪ್ಪನ ಧ್ವನಿಯಲ್ಲ, ಚಿಕ್ಕಪ್ಪನದು. ಯಾರಿಗೆ ಹೇಳಲಿ? ಹೇಳುವುದು ಹೇಗೆ?

ಮನಸ್ಸು ನಿಲ್ಲದೆ ಮುದುಕಿಯನ್ನು ಕರೆದುಕೊಂಡು ಹೊರಟೆ. ಬೀದಿಯ ತಿರುವಿನಲ್ಲಿ ಹಿಂದಿನಿಂದ ಒಂದು ಸ್ಕೂಟರು ಹಾರ್ನ್ ಹೊಡೆಯುತ್ತ ಬಂತು. ಇವಳು ರಸ್ತೆಯ ಮಧ್ಯೆ ರಾಣಿಯಂತೆ ಮೂಸುತ್ತ ನಿಂತಿದ್ದಾಳೆ. ಹಗ್ಗ ಹಿಡಿದು ಎಳೆದೆ. ಒಂದು ಗೇಣು ತಪ್ಪಿತು. ಸ್ಕೂಟರಿನವನು ನಿಲ್ಲಿಸಿ ನನ್ನ ಮೂರು ತಲೆಮಾರನ್ನು ಬೈದ. ಹದಿನಾರು ಖಳನಾಯಕರ ಬೈಗುಳ ನನ್ನ ಹೊಟ್ಟೆಯಲ್ಲಿದೆ, ಒಂದೂ ಹೊರಗೆ ಬರುವಂತಿಲ್ಲ. ಕೈಮುಗಿದೆ. ಅದಕ್ಕೂ ಬೈದ.

ನಿರ್ಧರಿಸಿದ್ದೇನೆ. ಧ್ವನಿ ಬಂದಮೇಲೆ ಬೆಳಗಿನಿಂದ ಸಂಜೆವರೆಗೆ ಸ್ಟುಡಿಯೋದಲ್ಲಿರಬೇಕು. ಈ ಮೊಂಡನ್ನು ನೋಡಿಕೊಳ್ಳುವವರು ಯಾರು? ನಾಲ್ಕನೇ ತಾರೀಕು ವಾಪಸು. ಮೇಡಂಗೆ ಪತ್ರ ಬರೆದೆ. ಕಳಿಸಲಿಲ್ಲ, ಒಂದು ಕಾಗುಣಿತ ತಪ್ಪಿತ್ತು.

ಮಾರ್ಚ್ 20, ಗುರುವಾರ

ಕಾಗುಣಿತ ತಿದ್ದಿದೆ. ಕಳಿಸಲಿಲ್ಲ. ಒಕ್ಕಣೆ ಒರಟಾಯಿತೇನೋ.

ಮಾರ್ಚ್ 24, ಸೋಮವಾರ

ಹಾಲಿನಿಂದ ಅಡುಗೆಮನೆಗೆ ಈಗ ಹದಿನಾಲ್ಕು ಹೆಜ್ಜೆ. ಮುದುಕಿ ಓಣಿಯ ನಟ್ಟನಡುವೆ ಮಲಗುತ್ತಾಳೆ. ಸುತ್ತಿಕೊಂಡು ಹೋಗಬೇಕು. ಎಬ್ಬಿಸಬಹುದು, ಆದರೆ ಹಾಗೆ ಮಲಗಿದವಳನ್ನು ಏಕೆ ಎಬ್ಬಿಸುವುದು?

ಅಕ್ಕ ಸಂದೇಶ ಕಳಿಸಿದ್ದಳು: ಗಂಟಲು ಹೇಗಿದೆ? ನಾನು ಬರೆದೆ: ಎಡಗಡೆ ಹಿಂದಿನ ಹಲ್ಲು ಅಲ್ಲಾಡುತ್ತಿದೆ, ಗಟ್ಟಿ ಪದಾರ್ಥ ಬಿಡುತ್ತಾಳೆ, ಅನ್ನ ಮೊಟ್ಟೆ ಕಲಸಿಕೊಟ್ಟರೆ ತಿನ್ನುತ್ತಾಳೆ, ಡಾಕ್ಟರಿಗೆ ತೋರಿಸಬೇಕು. ಅಕ್ಕ ಮತ್ತೆ: "ನಾನು ಕೇಳಿದ್ದು ನಿನ್ನ ಗಂಟಲು ಕಣೋ."

ಮಾರ್ಚ್ 29, ಶನಿವಾರ

ಮಾತು ಬಂತು! ದಿನಕ್ಕೆ ಐದು ನಿಮಿಷ. ಡಾಕ್ಟರಮ್ಮ "ಏನಾದ್ರೂ ಹೇಳಿ" ಎಂದರು. ನಾನು "ಏನು ಹೇಳ್ಲಿ?" ಎಂದೆ. ಇಪ್ಪತ್ತೆಂಟು ದಿನ ಕೂಡಿಟ್ಟು ಆಡಿದ ಮೊದಲ ಮಾತು ಅದು. ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟಿತು, ಆದರೆ ಬಾಗಿಲು ನನ್ನದೇ. ಏಪ್ರಿಲ್ ನಾಲ್ಕರಂದು ಬೆಳಿಗ್ಗೆ ಹತ್ತಕ್ಕೆ ಯಂತ್ರವಿಟ್ಟು ಧ್ವನಿಪರೀಕ್ಷೆಯಂತೆ. ಅದರಲ್ಲಿ ಪಾಸಾದರೆ ಸ್ಟುಡಿಯೋ.

ಉಳಿದ ನಾಲ್ಕು ಮುಕ್ಕಾಲು ನಿಮಿಷವನ್ನು ಬಾಯೊಳಗೇ ಮನೆಗೆ ತಂದೆ. ಮುದುಕಿ ಕಿಟಕಿಗೆ ಮುಖ ಮಾಡಿ ಮಲಗಿದ್ದಳು. ಹಿಂದೆ ನಿಂತು ನನ್ನ ಅತ್ಯಂತ ಮೃದುವಾದ ಧ್ವನಿಯಲ್ಲಿ, ಸಾಯುವ ಅಜ್ಜಂದಿರಿಗೆ ಕೊಡುವ ಧ್ವನಿಯಲ್ಲಿ, "ಬಾ ಮುದುಕಿ" ಎಂದೆ.

ಏನೂ ಇಲ್ಲ.

ಸಿಡುಕು ಅಪ್ಪನಾಗಿ ಕರೆದೆ. ಖಳನಾಯಕನಾಗಿ ಕರೆದೆ. ಕೊನೆಗೆ ಡಾಕ್ಟರಮ್ಮನ ಮಾತು ಮೀರಿ ಡ್ರ್ಯಾಗನ್ನನ್ನೂ ಹೊರಗೆ ಬಿಟ್ಟೆ. ಕಿವಿ ಸಹ ಅಲ್ಲಾಡಲಿಲ್ಲ. ಊರಿಡೀ ಗುರುತಿಸುವ ಧ್ವನಿ ಇದು! ಮೊಟ್ಟೆ ಸುಲಿದುಕೊಡುವ ಕೈ ಬೇಕು, ಕರೆಯುವ ಗಂಟಲು ಬೇಡ. ಇರಲಿ.

ಮಾರ್ಚ್ 30, ಭಾನುವಾರ

ನಾನೂ ಸನ್ನೆ ಮಾಡಲಿಲ್ಲ. ಅವಳೂ ಬರಲಿಲ್ಲ. ಇಡೀ ದಿನ ಆ ಗೋಡೆ ಅವಳಿಗೆ, ಈ ಗೋಡೆ ನನಗೆ. ಅಕ್ಕನಿಗೆ ಫೋನಿನಲ್ಲಿ ಎರಡು ನಿಮಿಷ ದೂರು ಹೇಳಿದೆ. "ಮದುವೆಯಾಗಿಲ್ಲ ಅಂತ ಯಾರೋ ಹೇಳಿದ್ದು?" ಎಂದಳು.

ಮಾರ್ಚ್ 31, ಸೋಮವಾರ

ಹಲ್ಲು ತೋರಿಸಲು ಪ್ರಾಣಿವೈದ್ಯರ ಹತ್ತಿರ ಹೋದೆ. ನಾಯಿ ಡಾಕ್ಟರು ಎಂದರೆ ಅವರಿಗೆ ಸಿಟ್ಟು ಬರುತ್ತದಂತೆ. ಹಲ್ಲು ನೋಡಿದರು, ಕಣ್ಣು ನೋಡಿದರು. ಆಮೇಲೆ ಅವಳ ಹಿಂದೆ ಹೋಗಿ ಸ್ಟೀಲಿನ ತಟ್ಟೆಗೆ ಕತ್ತರಿಯಿಂದ ಫಟ್ಟೆಂದು ಹೊಡೆದರು. ನಾನು ಕುರ್ಚಿಯಿಂದ ಹಾರಿದೆ. ಮುದುಕಿ ಮೇಜಿನ ಮೇಲೆ ನಿಂತು ಎದುರಿನ ಕ್ಯಾಲೆಂಡರು ನೋಡುತ್ತಿದ್ದಳು. ಇನ್ನೊಮ್ಮೆ ಹೊಡೆದರು. ನಾನು ಮತ್ತೆ ಹಾರಿದೆ.

"ಎಷ್ಟು ದಿನದಿಂದ ಕಿವಿ ಕೇಳಿಸ್ತಿಲ್ಲ?"

"ಯಾರಿಗೆ?"

"ನಾಯಿಗೆ ಸ್ವಾಮಿ! ಪೂರ್ತಿ ಕಿವುಡು. ವರ್ಷಗಳೇ ಆಗಿರಬೇಕು. ಮನೇಲಿ ಒಂದು ಸಲಾನೂ ಕರೆದು ನೋಡ್ಲಿಲ್ವಾ?"

"ಇಲ್ಲ. ಮೊನ್ನೆವರೆಗೂ ನಾನು ಮೂಗನಾಗಿದ್ದೆ."

ವೈದ್ಯರು ನಾಯಿಯನ್ನು ಬಿಟ್ಟು ನನ್ನನ್ನೇ ಪರೀಕ್ಷಿಸುವವರಂತೆ ನೋಡಿದರು.

ಮನೆಗೆ ಬಂದು ಅವಳ ಎದುರಿಗೆ ಕೂತೆ. ಕಾಲು ಅಪ್ಪಳಿಸಿದಾಗ ನಡುಗಿದ್ದು ನೆಲ. ಅದು ಅವಳ ಹೊಟ್ಟೆಗೆ ಗೊತ್ತಾಗುತ್ತಿತ್ತು, ಕಿವಿಗಲ್ಲ. ನಾನು ನಟನೂ ಅಲ್ಲ, ಮಣ್ಣೂ ಅಲ್ಲ. ಆ ಎರಡು ಮನೆಗಳಲ್ಲಿ ಎಲ್ಲರಿಗೂ ಬಾಯಿತ್ತು. ಹಿಂದಿನಿಂದ ಕರೆದಿರುತ್ತಾರೆ, ಮತ್ತೆ ಕರೆದಿರುತ್ತಾರೆ, ಆಮೇಲೆ ಸಿಟ್ಟಿನಿಂದ ಹೋಗಿ ಹಿಡಿದಿರುತ್ತಾರೆ. ಇವಳ ಪಾಲಿಗೆ ಎಲ್ಲಿಂದಲೋ ದಿಢೀರನೆ ಒಂದು ಕೈ. ನಾನೂ ಹಾಗೇ ಮುಟ್ಟಿದ್ದೆನಲ್ಲ. ಹಲ್ಲು ತೋರಿಸದೆ ಇನ್ನೇನು ತೋರಿಸಬೇಕಿತ್ತು?

ಏಪ್ರಿಲ್ 1, ಮಂಗಳವಾರ

ಮೂರ್ಖರ ದಿನವಂತೆ. ನನ್ನದು ಮುಗಿದು ಒಂದು ದಿನವಾಯಿತು.

ಆಶ್ರಯದ ಮೇಡಂಗೆ ಹೆಮ್ಮೆಯಿಂದ ಸಂದೇಶ ಕಳಿಸಿದೆ: ನಿಮ್ಮ ಕಾರ್ಡು ತಿದ್ದಿಕೊಳ್ಳಿ. ಇವಳು ಮೊಂಡಲ್ಲ, ಕಿವುಡಿ. ವೈದ್ಯರ ಚೀಟಿ ಜೊತೆಗಿದೆ. ಕಾಗುಣಿತ ನೋಡಲಿಲ್ಲ, ನೇರ ಕಳಿಸಿದೆ.

ಏಪ್ರಿಲ್ 2, ಬುಧವಾರ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬರೆದರೂ ಅಷ್ಟೇ ಎಂದು ಯಾರೂ ಹೇಳಿರಲಿಲ್ಲ.

ಮೇಡಂ ಫೋನ್ ಮಾಡಿದ್ದರು. "ಹೇಳಿದ್ದು ಒಳ್ಳೇದಾಯ್ತು. ಆದ್ರೆ ಕಿವಿ ಕೇಳದ ನಾಯಿಗಳನ್ನ ಸುತ್ತ ಕಾಂಪೌಂಡ್ ಇರೋ ಮನೆಗೆ ಮಾತ್ರ ಕೊಡೋದು ನಾವು. ನಿಮ್ಮದು ಮೂರನೇ ಮಹಡಿ, ಕೆಳಗೆ ಗಾಡಿಗಳ ರಸ್ತೆ, ಒಬ್ಬರೇ ಇರೋದು. ಎರಡು ವರ್ಷದ ಹಿಂದೆ ಹೀಗೇ ಕೊಟ್ಟ ಒಂದು ನಾಯಿ ವಾರದೊಳಗೆ ಗಾಡಿಗೆ ಸಿಕ್ತು. ನಾನೇ ಹೋಗಿ ಎತ್ಕೊಂಡು ಬಂದೆ. ನಾಡಿದ್ದು ಕರ್ಕೊಂಡು ಬನ್ನಿ. ನಿಮ್ಮ ತಪ್ಪೇನಿಲ್ಲ."

ತಪ್ಪಿಲ್ಲವಂತೆ! ಸ್ಕೂಟರು ಒಂದು ಗೇಣು ತಪ್ಪಿದ್ದು ನನಗೆ ಮಾತ್ರ ಗೊತ್ತು. ಅವರು ಹೇಳಿದ್ದು ನಿಜ ಅನ್ನುವುದೇ ತೊಂದರೆ. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು.

ಸಂಜೆ ಅಕ್ಕ ಬಂದಳು. ಮುದುಕಿಯನ್ನು ನನಗೇ ಬಿಟ್ಟುಕೊಡಿ ಎಂದು ಮೇಡಂಗೆ ಹೇಳಲು ಐದು ನಿಮಿಷದ ಭಾಷಣ ಬರೆದಿಟ್ಟಿದ್ದೆ. ತುಟಿಯಲ್ಲೇ ಆಡಿ ತೋರಿಸಿದೆ, ಅವಳು ಗಡಿಯಾರ ಹಿಡಿದು ಕೂತಳು.

"ಆರೂವರೆ ನಿಮಿಷ ಆಯ್ತು. ಆ 'ಮೂಕಪ್ರಾಣಿಗಳ ಅಂತರಾಳ' ತೆಗಿ. ಅಂತರಾಳ ಅಂದ್ರೆ ಯಾರೂ ನಾಯಿ ಕೊಡಲ್ಲ."

ತೆಗೆದೆ. ಆಮೇಲೆ ಅಕ್ಕ ತಾನೇ ಮುದುಕಿಯ ಎದುರಿಗೆ ಹೋಗಿ ಎದೆ ತಟ್ಟಿಕೊಂಡಳು. ಮುದುಕಿ ಎದ್ದು ಬಂದಳು. ಅಕ್ಕ ಆಮೇಲೆ ಹೆಚ್ಚು ಮಾತಾಡಲಿಲ್ಲ. ನಾನು ಕಂಡಂತೆ ಇದೇ ಮೊದಲು.

ಏಪ್ರಿಲ್ 4, ಶುಕ್ರವಾರ

ಎಲ್ಲವೂ ತಯಾರಿತ್ತು. ಭಾಷಣ ಜೇಬಿನಲ್ಲಿ, ಮೊಟ್ಟೆ ಚೀಲದಲ್ಲಿ. ಮೇಡಂ ಎದುರಿಗೆ ಹಳೆಯ ಮೂರು, ಹೊಸದಾಗಿ ಕಲಿಸಿದ 'ನಿಲ್ಲು' ಸೇರಿ ನಾಲ್ಕು ಸನ್ನೆ ಮಾಡಿ ತೋರಿಸುವುದು, ಇವಳು ನಾಲ್ಕಕ್ಕೂ ಓಗೊಡುವುದು, ಮೇಡಂ ಬೆರಗಾಗುವುದು. ಎಷ್ಟು ಸಿನಿಮಾಕ್ಕೆ ಮಾತು ಕೊಟ್ಟಿಲ್ಲ ನಾನು!

ಮುದುಕಿ ಗೇಟು ಕಂಡಳು. ನಿಂತಳು. ಎಳೆಯುತ್ತಾಳೆ, ಕೊಸರಾಡುತ್ತಾಳೆ ಅಂದುಕೊಂಡೆ. ಅದೇನೂ ಮಾಡಲಿಲ್ಲ. ಹಗ್ಗದ ಸಮೇತ ನನ್ನನ್ನೇ ಕರೆದುಕೊಂಡು ಹಿಂದಿನ ಸಾಲಿಗೆ ನಡೆದಳು. ಹಳೆಯ ಬೋನು ಖಾಲಿಯಿತ್ತು, ಬಾಗಿಲು ತೆರೆದಿತ್ತು. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

"ನೋಡಿ, ಅವಳಿಗೇ ಗೊತ್ತು" ಎಂದರು ಮೇಡಂ.

ಕಾಲು ಅಪ್ಪಳಿಸಿದೆ. ಅದು ಸಿಮೆಂಟು, ಅಲುಗಲಿಲ್ಲ. ಎದೆ ತಟ್ಟಿಕೊಂಡೆ, ಯಾರಿಗೆ? ಅವಳು ನೋಡದಿದ್ದರೆ ಅವಳನ್ನು ಕರೆಯಲು ನನ್ನ ಹತ್ತಿರ ಏನೂ ಇಲ್ಲ. ಮೇಡಂ ಕಡೆ ತಿರುಗಿ ಭಾಷಣ ಶುರು ಮಾಡಿದೆ. "ಮೇಡಂ, ಇದು ಬರೀ" ಅನ್ನುವಷ್ಟರಲ್ಲಿ ನಲವತ್ತು ನಾಯಿಗಳು ಒಟ್ಟಿಗೆ ಬೊಗಳಿದವು. ಹಿಂದಿನಿಂದ ಹೋಗಿ ಮುಟ್ಟುವಂತಿಲ್ಲ. ಅವಳನ್ನು ಹಾಗೆ ಇನ್ನು ಯಾವತ್ತೂ ಮುಟ್ಟುವುದಿಲ್ಲ.

ಬೋನಿನೊಳಗೆ ಹೋಗಿ ನೆಲದ ಮೇಲೆ ಕೂತೆ. ತಿರುಗಿದರೆ ನಾನು ಕಾಣಬೇಕು, ಅಷ್ಟು ದೂರದಲ್ಲಿ.

"ಎದ್ದೇಳಿ ಸ್ವಾಮಿ, ನೆಲ ಒದ್ದೆಯಿದೆ."

ಗೊತ್ತಾಗುತ್ತಿದೆ ಎಂದು ಕೈಯಲ್ಲೇ ಹೇಳಿದೆ. ಅವರು ಹೋದರು. ಮುಂದಿನ ಸಾಲಿಗೆ ಊಟ ಹಾಕಿದರು, ಬಕೆಟ್ಟು ತೊಳೆದರು, ಬಂದು ನೋಡಿದರು, ಮತ್ತೆ ಹೋದರು. ಒಂದು ಕಾಲು ಜೋಮು ಹಿಡಿಯಿತು, ಆಮೇಲೆ ಇನ್ನೊಂದು. ಒಂದು ತಿಂಗಳಿಂದ ಒಂದು ಕಡೆ ಹತ್ತು ನಿಮಿಷ ಕೂತವನಲ್ಲ ನಾನು.

ಗಂಟೆ ಮೀರಿರಬೇಕು. ಮುದುಕಿ ತಲೆ ಎತ್ತಿದಳು. ಮೆಲ್ಲಗೆ ಹಿಂದಕ್ಕೆ ತಿರುಗಿದಳು. ಮೊದಲು ನೋಡಿದ್ದು ಬಾಗಿಲನ್ನು. ಹೋಗಿದ್ದಾನೆ ಎಂದು ಖಾತ್ರಿ ಮಾಡಿಕೊಳ್ಳಲು ತಿರುಗಿದ್ದು, ನನ್ನನ್ನು ಹುಡುಕಲು ಅಲ್ಲ. ಆಮೇಲೆ ಅದರ ಈಚೆಗೆ ನೋಡಿದಳು. ಅಲ್ಲಿ ನಾನು.

ಸನ್ನೆ ಮಾಡಬೇಕೆಂದುಕೊಂಡೆ. ಬೇಕಾಗಲಿಲ್ಲ. ಅವಳೇ ಎದ್ದು ಬಂದಳು. ನನ್ನ ಮೊಣಕಾಲಿನ ಹತ್ತಿರ ಬಂದು, ತಿರುಗಿ, ನನಗೆ ಬೆನ್ನು ಕೊಟ್ಟು ಕೂತಳು. ಹಿಂದೆ ಏನಿದೆಯೆಂದು ಎಂದೂ ತಿಳಿಯದವಳು ಬೆನ್ನು ತಂದು ನನಗೆ ಒರಗಿಸಿದಳು.

ಮೇಡಂ ಸರಳು ಹಿಡಿದು ನಿಂತಿದ್ದರು. "ಮೊದಲಿನ ಇಬ್ಬರೂ ಗಾಡಿ ಆಫ್ ಕೂಡ ಮಾಡದೆ, ಹಗ್ಗ ನನ್ನ ಕೈಗೆ ಕೊಟ್ಟು ಹೊರಟುಹೋದ್ರು" ಎಂದರು. ಆಮೇಲೆ ಬೆರಳೆತ್ತಿ ಹೇಳಿದರು: "ಹಗ್ಗ ಇಲ್ಲದೆ ಹೊಸ್ತಿಲು ದಾಟಿಸಬಾರದು. ತಿಂಗಳಿಗೊಂದು ಸಲ ನಾನು ಹೇಳದೆ ಬಂದು ನೋಡ್ತೀನಿ. ಒಂದು ಸಲ ತಪ್ಪು ಕಂಡ್ರೂ ಕರ್ಕೊಂಡು ಬರ್ತೀನಿ."

"ಕಾಂಪೌಂಡಿನ ನಿಯಮ?"

"ಬರೆದಿದ್ದು ನಾನೇ. ತಿದ್ದೋಕೂ ಬರುತ್ತೆ."

ಕಾಗದ ತಂದರು. "ನಾಯಿ ಹೆಸರು?"

"ಮುದುಕಿ."

"ಮುದುಕಿ ಅಂತ ಯಾರಾದ್ರೂ ಹೆಸರಿಡ್ತಾರಾ?"

"ಅವಳಿಗೆ ಕೇಳಿಸಲ್ಲ, ಬರ್ಕೊಳ್ಳಿ."

ಆಗ ನಕ್ಕರು. ಸಹಿ ಹಾಕಿದೆ. ಪ್ಯಾಂಟು ಒದ್ದೆಯಾದವನನ್ನು ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಮನೆಯವರೆಗೆ ಇಬ್ಬರೂ ನಡೆದೇ ಬಂದೆವು.

ಏಪ್ರಿಲ್ 5, ಶನಿವಾರ

ಬೆಳಿಗ್ಗೆ ಡಾಕ್ಟರಮ್ಮನ ಫೋನು. "ನಿನ್ನೆ ಹತ್ತಕ್ಕೆ ಧ್ವನಿಪರೀಕ್ಷೆ ಇತ್ತಲ್ರೀ? ಯಂತ್ರ ಹಚ್ಚಿಟ್ಟು ಕಾದೆ." ಮರೆತೇಬಿಟ್ಟಿದ್ದೆ. ಸೋಮವಾರ ಬರುತ್ತೇನೆ ಎಂದೆ.

ಮುದುಕಿ ನಿನ್ನೆಯಿಂದ ಒಂದು ಹೆಜ್ಜೆಯೂ ಬಿಟ್ಟಿಲ್ಲ. ಅಡುಗೆಮನೆಗೆ ಹೋದರೆ ಅಡುಗೆಮನೆಗೆ, ಬಚ್ಚಲಿಗೆ ಹೋದರೆ ಬಾಗಿಲಿಗೆ. ಸರಿಯಾಗಿ ತಿಂದೂ ಇಲ್ಲ. ಚಪ್ಪಲಿ ಮುಟ್ಟಿದರೆ ಮೇಜಿನ ಕೆಳಗೆ ಸೇರುತ್ತಾಳೆ. ಮತ್ತೆ ಅಲ್ಲಿಗೇ ಕರೆದೊಯ್ಯುತ್ತೇನೆ ಎಂದುಕೊಂಡಿರಬೇಕು. ಹೇಗೆ ಹೇಳುವುದು? ಬಾ, ಕೂತುಕೋ, ಊಟ, ನಿಲ್ಲು, ಇಷ್ಟಿದೆ ನನ್ನ ಹತ್ತಿರ. 'ಇನ್ನು ಯಾವತ್ತೂ ಅಲ್ಲಿಗೆ ಹೋಗುವುದಿಲ್ಲ' ಅನ್ನುವುದಕ್ಕೆ ಸನ್ನೆ ಇಲ್ಲ. ಕನ್ನಡಿಯ ಮುಂದೆ ನಿಂತು ಪ್ರಯತ್ನಿಸಿದೆ. ಬಾಗಿಲು ತೋರಿಸಿ ತಲೆ ಅಲ್ಲಾಡಿಸಿದರೆ, ಬಾಗಿಲ ಹತ್ತಿರ ಹೋಗಬಾರದು ಎಂದು ತಿಳಿದು ಹಿಂದೆ ಸರಿದಳು. ಅವಳನ್ನು ತೋರಿಸಿ, ನೆಲ ತೋರಿಸಿದೆ. ಕೂತಳು. ಎರಡು ಕೈಯೂ ಅಗಲಿಸಿ ಇಡೀ ಮನೆ ತೋರಿಸಿದೆ. ಸುಮ್ಮನೆ ನೋಡಿದಳು.

ಈಗ ಬರೆಯುತ್ತಿದ್ದೇನೆ. ಅವಳು ನನ್ನ ಪಾದದ ಮೇಲೆ ಗಲ್ಲವಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದಾಳೆ. ಬರೆಯುವ ಕೈಯೂ ತನಗೇ ಏನೋ ಹೇಳುತ್ತಿದೆ ಎಂದುಕೊಂಡಿದ್ದಾಳೆ ಪಾಪ. ಪೆನ್ನು ಕೆಳಗಿಟ್ಟು ಇನ್ನೊಂದು ಸಲ ಹೇಳಿ ನೋಡುತ್ತೇನೆ.